ಉಪ್ಪುಗಾಳಿಯ ಹಳಿ

ಇವತ್ತು ಆಸ್ಪತ್ರೆಯಲ್ಲಿ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆಗೆ ನಾನು ಅಮದಳ್ಳಿಯ ನಮ್ಮ ಜಗಲಿಗೆ ಹೋಗಿಬಿಟ್ಟೆ.

ಉಪ್ಪುಗಾಳಿಗೆ ಹಳಿ ಕಪ್ಪಾಗಿ, ಚಕ್ರಕ್ಕೆ ಕರೆಂಟು ಸಿಗದೆ ನನ್ನ ಆಟಿಕೆ ರೈಲು ನಿಂತಿತ್ತು. ಅದನ್ನು ನೋಡಲೆಂದೇ ಮಾಜಾಳಿಯಿಂದ ಅತ್ತೆಯ ಮಗ ಗಣಪು ಬಂದು ಕೂತಿದ್ದ. ಮರ್ಯಾದೆ ಹೋಗುತ್ತದೆಂದು ನಾನು ಹಳಿ ತಿಕ್ಕಲು ಪಾಲಿಶ್ ಕಾಗದ ಹಿಡಿದೆ.

"ತಿಕ್ಕಬ್ಯಾಡ ಮಗಾ, ಗೀರು ಬಿದ್ರೆ ಅದ್ರಲ್ಲೇ ಮತ್ತೆ ಕೊಳೆ ಕೂರ್ತದೆ," ಎಂದ ಅಪ್ಪ, ಹಳೆಯ ಬನಿಯನ್ ಹರಿದು, ಸ್ಪಿರಿಟ್ ಹಾಕಿ ನನ್ನ ಕೈಗಿಟ್ಟ. "ನೀನೇ ಒರ್ಸು."

ಒರೆಸಿದಂತೆಲ್ಲ ಬಟ್ಟೆ ಕಪ್ಪಾಯಿತು, ಹಳಿ ಹೊಳೆಯಿತು. ಆರಿದ ಮೇಲೆ ಸ್ವಿಚ್ ಒತ್ತಿದೆ. ಇಂಜಿನ್ ಒಮ್ಮೆ ನಡುಗಿ ಓಡಿಯೇಬಿಟ್ಟಿತು.

"ಮಾಜಾಳಿಗೂ ಬರ್ತದಾ ಇದು?" ಗಣಪು ಕೇಳಿದ.

"ನೀ ಹಳಿ ಹಾಕು, ಒರ್ಸೂಕೆ ನಾ ಬರ್ತೆ," ಎಂದೆ.

ಈಗ ಅವನ ಮನೆಯ ಕೋಣೆ ತುಂಬ ಹಳಿಗಳಿವೆ. ರಜೆ ಸಿಕ್ಕಾಗಲೆಲ್ಲ ಹೋಗಿ ಒರೆಸಿ ಬರುತ್ತೇನೆ.