ಗುರಾಣಿಯವಳು ಪಕ್ಕದಲ್ಲಿದ್ದರೆ

ಫೋಟೊಗಳಿಗೆ ಫ್ರೇಮ್ ಹಾಕಿಕೊಡುವ ಆ ಅಂಗಡಿಗೆ ಬರುವ ಮುದುಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅಕ್ಕನಾಗಿದ್ದದ್ದು ಒಬ್ಬಳಿಗೆ ಮಾತ್ರ. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ತನ್ನ ಜಡೆ ತಾನೇ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಈಗ ಆ ಜಡೆಯಲ್ಲಿ ಬಿಳಿ ಎಳೆಗಳು ಇಣುಕುತ್ತಿವೆ. ಆದರೂ ರಸ್ತೆ ದಾಟುವಾಗ ಅಕ್ಕನ ಕೈ ತಾನಾಗಿಯೇ ಹೋಗಿ ತಂಗಿಯ ಮೊಣಕೈ ಹಿಡಿದುಕೊಳ್ಳುತ್ತದೆ.

ಅಂಗಡಿಯಲ್ಲಿ ಮರದ ಪಟ್ಟಿಗಳನ್ನು ಓರೆಯಾಗಿ ಕೊಯ್ದು ಮೂಲೆ ಕೂಡಿಸುವುದು ಅಕ್ಕನ ಕೆಲಸ, ಗಾಜು ಕೊಯ್ಯುವುದು ತಂಗಿಯದು. ಗಾಜಿನ ಮೇಲೆ ಕಟರ್ ಒಂದೇ ಸಲ ಹಾಯಬೇಕು. ಗೀರಿದ ಕಡೆಯೇ ಮತ್ತೆ ಗೀರಿದರೆ ಕೆಟ್ಟಿತು. ಆಮೇಲೆ ಗೀರನ್ನು ಮೇಜಿನ ಅಂಚಿಗೆ ಹೊಂದಿಸಿ ಮೆಲ್ಲಗೆ ಒತ್ತಿದರೆ ಗಾಜು ಹೇಳಿದ ಹಾಗೆ ಕೇಳುತ್ತದೆ. ತಂಗಿ ಹೇಳಿದರೆ ಕೇಳುತ್ತದೆ ಅನ್ನಬೇಕು. ಅಕ್ಕನನ್ನು ಕಂಡರೆ ಅದಕ್ಕೆ ಆಗಿಬರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅದೇ ಮೇಜನ್ನು ಒರೆಸಿ ಆಟಕ್ಕೆ ಕೂರುತ್ತಿದ್ದರು. ಕಥೆ ನಡೆಸುವವರು ಗಣಿತದ ಮೇಷ್ಟ್ರು. ಮಿಕ್ಕವರಿಗೆ ಒಂದೊಂದು ಪಾತ್ರ. ಎದುರು ಮನೆಯ ನರ್ಸ್ ಗಾಯ ಮಾಯಿಸುವ ಮಾಟಗಾತಿ, ತಂಗಿ ಕತ್ತಿ ಹಿಡಿದವಳು, ಅಕ್ಕ ಗುರಾಣಿಯವಳು. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು. ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂದು ತೋರಿಸಲು ಮೇಜಿನ ಮೇಲೆ ಹಳೇ ಅಂಗಿಗಳ ಗುಂಡಿಗಳು. ಆಟದ ಪುಸ್ತಕದಲ್ಲಿದ್ದ ಯುದ್ಧವಿದ್ಯೆಗಳು ಎಲ್ಲರಿಗೂ ಹಳತಾಗಿದ್ದವು. ಅವರವರ ಪಾತ್ರಕ್ಕೆ ತಕ್ಕ ಹೊಸ ವಿದ್ಯೆ ಹೆಣೆದುಕೊಡುವುದರಲ್ಲಿ ಅಕ್ಕನದು ಎತ್ತಿದ ಕೈ. ಅವಳು ಹೆಣೆದದ್ದನ್ನು ತೂಗಿ ನೋಡಿ, ಆಟ ಕೆಡುವುದಿಲ್ಲ ಎನಿಸಿದರೆ ಮೇಷ್ಟ್ರು ಒಪ್ಪಿಗೆ ಕೊಡುತ್ತಿದ್ದರು.

ತಂಗಿಗೆಂದು ಅವಳು ಹೆಣೆದದ್ದು ‘ಗೀರು’. ಮೊದಲ ಏಟಿಗೆ ಶತ್ರುವಿಗೆ ನೋವೇ ಆಗದು, ಕವಚದ ಮೇಲೆ ಒಂದು ಗೆರೆ ಬೀಳುತ್ತದೆ ಅಷ್ಟೆ. ಎರಡನೇ ಏಟು ಆ ಗೆರೆಗೆ ತಗುಲಿದರೆ ಎಂಥ ಕವಚವಾದರೂ ಎರಡು ಹೋಳು. ಕೇಳಿ ತಂಗಿಯ ಮುಖ ಊರಗಲವಾಯಿತು. ಮೇಷ್ಟ್ರು ಮಾತ್ರ ಕನ್ನಡಕ ಹಣೆಗೇರಿಸಿದರು. ಇಷ್ಟು ದೊಡ್ಡ ಬಲ ಪುಕ್ಕಟೆ ಸಿಗಬಾರದು, ಏನಾದರೂ ಕಟ್ಟು ಹಾಕಿ ಎಂದರು. ಯುದ್ಧಕ್ಕೆ ಒಂದೇ ಸಲ ಬಳಸುವ ಹಾಗಿರಲಿ, ಇಲ್ಲವೇ ಬಳಸಿದಾಗ ಅವಳಿಗೂ ಒಂದಿಷ್ಟು ಗಾಯವಾಗಲಿ ಎಂದು ದಾರಿಯನ್ನೂ ತೋರಿಸಿದರು. ಅಕ್ಕ ಎರಡನ್ನೂ ಬಿಟ್ಟು, ಗುರಾಣಿಯವಳು ಪಕ್ಕದಲ್ಲಿದ್ದರೆ ಮಾತ್ರ ಈ ವಿದ್ಯೆ ನಡೆಯುತ್ತದೆ ಎಂದು ಬರೆದಳು. ಅಕ್ಕತಂಗಿ ಅಂದರೆ ಹೀಗಿರಬೇಕು ಎಂದು ನರ್ಸ್ ಹೊಗಳಿದಳು. ಅಕ್ಕ ನಕ್ಕಳು, ಆದರೆ ತಲೆ ಎತ್ತಲಿಲ್ಲ.

ಏಕೆಂದರೆ ಆ ವಾರವೇ ಮ್ಯೂಸಿಯಂನಿಂದ ತಂಗಿಗೆ ಕರೆ ಬಂದಿತ್ತು. ಹಳೆಯ ಚಿತ್ರಗಳಿಗೆ ಗಾಜು ಕೂರಿಸಲು ಅಲ್ಲಿನ ಕಾರ್ಯಾಗಾರಕ್ಕೆ ಒಬ್ಬರು ಬೇಕಿತ್ತು. ಇವಳ ಕೈಕೆಲಸ ನೋಡಿದ್ದ ಅಧಿಕಾರಿ ಇವಳನ್ನೇ ಕೇಳಿದ್ದರು. ಅಕ್ಕ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿನ್ನಿಷ್ಟ ಎಂದುಬಿಟ್ಟಳು. ಬಾಯಿ ಹೇಳದೆ ಉಳಿಸಿಕೊಂಡದ್ದನ್ನು ಕೈ ಬರೆದಿತ್ತು. ಅದು ಅವಳಿಗೆ ಬರೆಯುವಾಗಲೇ ಗೊತ್ತಿತ್ತು.

ಒಂದು ಭಾನುವಾರ ಅಕ್ಕ ಹಲ್ಲುನೋವೆಂದು ಮಹಡಿಯ ಮೇಲೆ ಮಲಗಿದಳು. ಕೆಳಗೆ ಆಟ ನಡೆಯಿತು. ಸೇತುವೆಯ ಮೇಲೆ ಕಬ್ಬಿಣದ ಚಿಪ್ಪಿನ ಮೃಗ ಅಡ್ಡ ನಿಂತಿತು. ತಂಗಿಯ ಪಕ್ಕದಲ್ಲಿ ಗುರಾಣಿಯಿಲ್ಲ, ಗೀರು ನಡೆಯಲಿಲ್ಲ. ದಾಳ ಎಷ್ಟೇ ಚೆನ್ನಾಗಿ ಬಿದ್ದರೂ ಮೃಗಕ್ಕೆ ಅದು ಲೆಕ್ಕಕ್ಕಿಲ್ಲ. ಅವಳನ್ನು ಉಳಿಸಲು ಹೋಗಿ ನರ್ಸಿನ ಮಾಟಗಾತಿ ಸತ್ತಳು. ತಂಗಿ ಮೇಲೆ ಬಂದು, ಬಿಸಿನೀರಿನ ಲೋಟ ಕೊಡುತ್ತ, ಇದನ್ನೆಲ್ಲ ನಗುನಗುತ್ತಲೇ ಹೇಳಿದಳು. ಆಮೇಲೆ ಮಂಚದ ತುದಿಯಲ್ಲಿ ಕೂತಳು.

“ಮ್ಯೂಸಿಯಂಗೆ ಬರಲ್ಲ ಅಂತ ಹೇಳ್ಬಿಡ್ತೀನಿ ಅಕ್ಕ. ನೀನು ಪಕ್ಕದಲ್ಲಿಲ್ದಿದ್ರೆ ನನ್ಗೆ ಕೈಕಾಲೇ ಆಡಲ್ಲ.”

ನಿಜವನ್ನು ಅಕ್ಕ ಆಗಲೇ ಹೇಳಬಹುದಿತ್ತು. ಹಲ್ಲುನೋವಿನ ನೆಪ ಇತ್ತಲ್ಲ, ದವಡೆ ಒತ್ತಿ ಹಿಡಿದು ಗೋಡೆಯ ಕಡೆ ಹೊರಳಿದಳು. ಮರುದಿನ ತಂಗಿ ಅಂಗಡಿಯ ಫೋನಿನಲ್ಲೇ ಮ್ಯೂಸಿಯಂಗೆ ತಾನು ಬರುವುದಿಲ್ಲವೆಂದು ತಿಳಿಸಿದಳು. ಅಕ್ಕ ಗರಗಸ ನಿಲ್ಲಿಸಿ ಅದನ್ನು ಕೇಳಿಸಿಕೊಂಡಳು, ಮತ್ತೆ ಕೊಯ್ಯತೊಡಗಿದಳು. ಅವತ್ತು ಅವಳು ಕೂಡಿಸಿದ ಮೂಲೆಗಳೆಲ್ಲ ಬಾಯಿ ಬಿಟ್ಟುಕೊಂಡವು.

ವಾರದ ಕೊನೆಗೆ ಅಕ್ಕ ಮೇಷ್ಟ್ರ ಮನೆಗೆ ಹೋಗಿ ಆ ಕಟ್ಟನ್ನು ಬದಲಿಸಿಕೊಡಿ ಎಂದು ಕೇಳಿದಳು. ಯಾಕೆ ಎಂದು ಅವರು ಕೇಳಿದ್ದಕ್ಕೆ ನಿಜ ಹೇಳಿದಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಬದಲಿಸೋದು ಕಷ್ಟ ಅಲ್ಲಮ್ಮ. ಆದ್ರೆ ಯಾಕೆ ಬದಲಿಸ್ತಿದೀವಿ ಅಂತ ಅವಳಿಗೆ ನೀವೇ ಹೇಳ್ಬೇಕು.”

ಭಾನುವಾರ ದಾಳ ಹೊರಗೆ ತೆಗೆಯುವ ಮೊದಲೇ ಅಕ್ಕ ಹೇಳಿದಳು. ನೀನು ನನ್ನನ್ನು ಬಿಟ್ಟು ಹೋಗದಿರಲಿ ಅಂತಲೇ ಹಾಗೆ ಬರೆದೆ, ಬೇರೆ ದಾರಿ ಇದ್ದೂ ಬರೆದೆ ಎಂದಳು. ನರ್ಸ್ ಗುಂಡಿಗಳನ್ನು ಸುಮ್ಮನೆ ಬಣ್ಣದ ಪ್ರಕಾರ ಜೋಡಿಸತೊಡಗಿದಳು. ತಂಗಿ ಸಿಟ್ಟಾಗುತ್ತಾಳೆ, ಎದ್ದು ಹೋಗುತ್ತಾಳೆ ಎಂದೆಲ್ಲ ಎಣಿಸಿ ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆಗಿದ್ದೇ ಬೇರೆ.

“ನಾನು ಅವತ್ತೇ ಯೋಚ್ನೆ ಮಾಡಿದ್ದೆ, ಇದ್ಯಾಕೆ ಹೀಗೆ ಬರ್ದಿದಾಳೆ ಅಂತ,” ತಂಗಿ ಮೆಲ್ಲಗೆ ಹೇಳಿದಳು. “ಅಕ್ಕ ನನ್ನ ಸಣ್ಣೋಳಿದ್ದಾಗಿಂದ ನೋಡಿದಾಳೆ, ನನ್ನ ಶಕ್ತಿ ಎಷ್ಟು ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳು ಬರ್ದಿದ್ದೇ ಸರಿ ಇರ್ಬೇಕು ಅಂದ್ಕೊಂಡೆ.”

ಬೈದಿದ್ದರೆ ಅಕ್ಕ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನೆಗಡಿಯಾದರೆ ಶಾಲೆ ಬೇಡ ಎಂದದ್ದು, ಸೈಕಲ್ ಕಲಿಯಲು ಬಿಡದೆ ಇದ್ದದ್ದು, ಅಂಗಡಿಗೆ ಬಂದ ಗಿರಾಕಿಗಳೊಡನೆ ಅವಳ ಪರವಾಗಿ ತಾನೇ ಮಾತಾಡಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಕಟ್ಟು ಹಾಕಿದ್ದು ಆಟದಲ್ಲಿ ಮೊದಲ ಸಲವಿರಬಹುದು, ಮನೆಯಲ್ಲಿ ಅಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ಗೀರು ಯುದ್ಧಕ್ಕೆ ಒಂದೇ ಸಲ, ಪಕ್ಕದಲ್ಲಿ ಯಾರೂ ಇರಬೇಕಿಲ್ಲ ಎಂದರು. ಆಟ ಶುರುವಾಯಿತು. ಅದೇ ಸೇತುವೆ, ಅದೇ ಮೃಗ. ಅಕ್ಕ ಅಭ್ಯಾಸಬಲದಿಂದ ತನ್ನ ಕಂದು ಗುಂಡಿಯನ್ನು ತಂಗಿಯ ಬಿಳಿ ಗುಂಡಿಯ ಪಕ್ಕಕ್ಕೆ ತಳ್ಳಿದಳು. ತಂಗಿ ತನ್ನ ಗುಂಡಿಯನ್ನು ಎತ್ತಿ ಸೇತುವೆಯ ನಟ್ಟನಡುವೆ ಒಂಟಿಯಾಗಿ ಇಟ್ಟಳು.

“ನೀನು ಅಲ್ಲೇ ಇರು ಅಕ್ಕ.”

ಮೃಗದ ಚಿಪ್ಪು ಒಡೆಯಿತು. ನರ್ಸ್ ಮೇಜು ಕುಟ್ಟಿ ಕುಣಿದಳು, ತನ್ನ ಮಾಟಗಾತಿಯ ಸಾವಿಗೆ ಸೇಡು ತೀರಿತು ಎಂದಳು. ಅಕ್ಕನೂ ಚಪ್ಪಾಳೆ ತಟ್ಟಿದಳು.

ಮರುದಿನ ಬೆಳಿಗ್ಗೆ ತಂಗಿ ಚಪ್ಪಲಿ ಮೆಟ್ಟಿಕೊಂಡು, ಮ್ಯೂಸಿಯಂಗೆ ಹೋಗಿ ಕೇಳಿ ಬರುತ್ತೇನೆ ಎಂದಳು. ನಾನೂ ಬರಲೇ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಬಾಗಿಲಲ್ಲಿ ನಿಂತು, ಅವಳು ರಸ್ತೆ ದಾಟುವುದನ್ನು ನೋಡಬಾರದೆಂದುಕೊಂಡೇ ನೋಡಿದಳು.

ತಂಗಿ ಬಿಸಿಲೇರಿದ ಮೇಲೆ ಬಂದಳು. ಕುರ್ಚಿಯಲ್ಲಿ ಕೂತು ನೀರು ಕುಡಿದು, ಆ ಕೆಲಸ ಆಗಲೇ ಬೇರೆಯವರಿಗೆ ಕೊಟ್ಟರಂತೆ ಎಂದಳು.

ಅಯ್ಯೋ ಎನ್ನಬೇಕಿತ್ತು ಅಕ್ಕ. ಅದಕ್ಕೂ ಮೊದಲೇ ಅವಳ ಎದೆಯಿಂದ ಒಂದು ಉಸಿರು ಹಗುರಾಗಿ ಹೊರಬಿತ್ತು, ವಾರದಿಂದ ಕಟ್ಟಿಕೊಂಡಿದ್ದ ಉಸಿರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ತಲೆ ಎತ್ತಿದರೆ ತಂಗಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಇನ್ನೊಂದು ಕಡೆ ಕೇಳ್ತೀನಿ ಬಿಡು,” ಎಂದು ತಂಗಿ ಎದ್ದಳು. ಹೊಸ ಗಾಜನ್ನು ಮೇಜಿನ ಮೇಲೆ ಮಲಗಿಸಿ, ಅಳತೆಪಟ್ಟಿ ಇಟ್ಟು, ಕಟರ್ ಕೈಗೆತ್ತಿಕೊಂಡಳು. ಗಾಜು ಜಾರದ ಹಾಗೆ ಅದರ ಆಚೆ ತುದಿಯನ್ನು ಅಕ್ಕ ಯಾವಾಗಲೂ ಹಿಡಿದುಕೊಳ್ಳುತ್ತಿದ್ದಳು. ಇವತ್ತೂ ಕೈ ಚಾಚಿದಳು, ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಕಟರ್ ಒಂದೇ ಸಲ ಹಾಯಿತು. ಗಾಜು ಎಳ್ಳಷ್ಟೂ ಜಾರಲಿಲ್ಲ.