ಇಬ್ಬರ ಜಾಗ ಹಿಡಿದು ನಿಂತವಳು

ಮೊಟ್ಟೆ ಬಂದಿದೆ ಎಂಬ ಸುದ್ದಿ ಕೇಳಿ ಫೆರ್ಮಿನ್ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಓಡುವ ಹೊತ್ತಿಗೆ ರೇಷನ್ ಅಂಗಡಿಯ ಮುಂದೆ ಅರ್ಧ ಬೀದಿ ನೆರೆದಿತ್ತು. ನೆರೆದಿತ್ತು ಎಂದರೆ ಸಾಲಾಗಿ ನಿಂತಿತ್ತು ಎಂದಲ್ಲ. ರಾಜಧಾನಿ ಹವಾನಾದಿಂದ ದೂರದ ಕಮಗ್ವೆ ಊರಿನಲ್ಲಿ ಸಾಲು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಒಬ್ಬರು ಮರದ ಬುಡದಲ್ಲಿ, ಒಬ್ಬರು ಎದುರು ಮನೆಯ ಮೆಟ್ಟಿಲ ಮೇಲೆ, ಇನ್ನೊಬ್ಬರು ತಮ್ಮ ಮನೆಯೊಳಗೇ ಒಲೆಯ ಮುಂದೆ. ಹೊಸದಾಗಿ ಬಂದವನು "ಕೊನೇಲಿ ಯಾರಿದ್ದೀರಿ?" ಎಂದು ಕೂಗಬೇಕು. ಎಲ್ಲಿಂದಲೋ ಒಂದು ಕೈ ಮೇಲೇಳುತ್ತದೆ. ಆ ಕೈಯವರ ಮುಖ ನೆನಪಿಟ್ಟುಕೊಂಡರೆ ಮುಗಿಯಿತು, ಅವರ ಹಿಂದಿನ ಜಾಗ ನಿಮ್ಮದು. ಆಮೇಲೆ ನೀವು ಕ್ಷೌರಕ್ಕೆ ಹೋಗಿ ಬಂದರೂ ಅದು ನಿಮ್ಮದೇ.

ಮೇಷ್ಟ್ರು ಕೂಗಿದರು. ಕೈ ಮೇಲೆದ್ದಿತು. ಕನ್ನಡಕ ಮನೆಯಲ್ಲಿತ್ತು; ಆದ್ದರಿಂದ ಮುಖದ ಬದಲು ಹಳದಿ ಅಂಗಿಯೊಂದನ್ನು ನೆನಪಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಹಳದಿ ಅಂಗಿ ಹೊರಟಿತು. ಜಾಗ ತಪ್ಪಬಾರದಲ್ಲ, ಮೇಷ್ಟ್ರೂ ಹೊರಟರು. ಅಂಗಿ ಔಷಧಿ ಅಂಗಡಿ ದಾಟಿತು, ಮೇಷ್ಟ್ರೂ ದಾಟಿದರು. ಅಂಗಿ ಒಂದು ಸಂದಿಗೆ ತಿರುಗಿತು, ಮೇಷ್ಟ್ರೂ ತಿರುಗಿದರು. ಸಂದಿಯ ನಡುವೆ ಅಂಗಿ ಗಕ್ಕನೆ ನಿಂತು ಹಿಂದಿರುಗಿ ನೋಡಿತು. ಅದರೊಳಗಿದ್ದವಳು ಆ ವಾರವಷ್ಟೇ ಮೂಲೆಮನೆಗೆ ಬಂದು ಸೇರಿದ್ದ ಸೊರೈದಾ.

"ಏನ್ರೀ ಇದು? ಆಗಿನಿಂದ ನೋಡ್ತಾ ಇದೀನಿ, ನೆರಳಿನ ಹಾಗೆ ಹಿಂದೇನೇ ಬರ್ತಾ ಇದೀರಿ! ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ?"

"ಅಮ್ಮಾ, ನಾನು ನಿಮ್ಮ ಹಿಂದೆ... ಅಂದ್ರೆ, ಸಾಲಲ್ಲಿ ನಿಮ್ಮ ಹಿಂದೆ..."

"ಯಾವ ಸಾಲು? ನಾನು ಹಲ್ಲು ಕೀಳಿಸಿಕೊಳ್ಳೋಕೆ ಹೋಗ್ತಾ ಇದೀನಿ! ನಿಮ್ಮದೂ ಒಂದು ಕಿತ್ತು ಬರಲಿ, ಬನ್ನಿ!"

ಬಾಲ್ಕನಿಗಳಿಂದ ನಗು ಸುರಿಯಿತು. "ಮೇಷ್ಟ್ರೇ, ಉತ್ತರ ದಿಕ್ಕು ಸಿಕ್ತಾ?" ಎಂದು ಯಾರೋ ಕೂಗಿದರು. ನಿವೃತ್ತರಾಗುವ ತನಕ ಊರ ಮಕ್ಕಳಿಗೆ ಭೂಗೋಳ ಕಲಿಸಿದವರ ಪಾಲಿಗೆ ಇದು ಸಣ್ಣ ಮಾತಲ್ಲ. ಕಮಗ್ವೆಯ ಸಂದಿಗಳು ಕಡಲ್ಗಳ್ಳರನ್ನು ದಿಕ್ಕು ತಪ್ಪಿಸಲೆಂದೇ ಹೀಗೆ ಸೊಟ್ಟಸೊಟ್ಟಗೆ ಕಟ್ಟಿದಂಥವು ಎಂದು ಅವರೇ ಪಾಠ ಹೇಳುತ್ತಿದ್ದರು. ಕಳ್ಳರ ಕಥೆ ಗೊತ್ತಿಲ್ಲ, ಮೇಷ್ಟ್ರಂತೂ ಮೂರು ಸಂದಿ ಸುತ್ತಿ ಅಂಗಡಿಯ ಮುಂದೆ ಮತ್ತೆ ಪ್ರತ್ಯಕ್ಷರಾದರು. ಅಷ್ಟರಲ್ಲಿ ನಿಜವಾಗಿ ಕೈಯೆತ್ತಿದ್ದ ಹಳದಿ ಅಂಗಿ, ಬೇರೆಯದೇ ಹಳದಿ ಅಂಗಿ, ಮೊಟ್ಟೆ ಹಿಡಿದು ಮನೆ ಸೇರಿತ್ತು.

ನಗದೆ ಇದ್ದವಳು ಒಬ್ಬಳೇ. ಪಾದಚಾರಿ ಕಟ್ಟೆಯ ಮೇಲೆ ಮೊಣಕಾಲು ಮಡಚಿ ಕೂತು ಫೋನು ತೀಡುತ್ತಿದ್ದ ದಯಾಮಿ. ಮೇಷ್ಟ್ರ ಪಕ್ಕದ ಮನೆಯವಳು, ಅವರ ಹಳೆಯ ವಿದ್ಯಾರ್ಥಿನಿ.

"ಮೇಷ್ಟ್ರೇ, ನೀವು ಮುಖ ನೋಡಿದ್ರಾ, ಅಂಗಿ ನೋಡಿದ್ರಾ?"

"ಅಂಗಿ," ಎಂದರು ಮೇಷ್ಟ್ರು, ಗೃಹಪಾಠ ಮಾಡದ ಹುಡುಗನ ದನಿಯಲ್ಲಿ.

ಅವಳು ಅದನ್ನು ಫೋನಿನಲ್ಲಿ ಬರೆದುಕೊಂಡಳು. "ನೀವೊಬ್ಬರೇ ಅಲ್ಲ ಬಿಡಿ. ಜಾಗ ಕಳ್ಕೊಳ್ಳೋರೆಲ್ಲ ಅಂಗಿ ನೋಡಿದವರೇ. ಈಗ ನನ್ನ ಸರದಿ, ನೀವು ಹೋಗಿ."

"ಮತ್ತೆ ನಿನಗೆ?"

"ನನಗೆ ಮೊಟ್ಟೆ ಬೇಡ."

ಮೊಟ್ಟೆ ಬೇಡದವಳು ಬೆಳಗಿನಿಂದ ಬಿಸಿಲಲ್ಲಿ ಯಾಕೆ ಕೂತಿದ್ದಳು ಎಂದು ಮೇಷ್ಟ್ರು ಕೇಳಬೇಕಿತ್ತು. ಆದರೆ ಎರಡೂ ಕೈಯಲ್ಲಿ ಮೊಟ್ಟೆ ಹಿಡಿದವನು ಮನೆಯ ದಾರಿ ಬಿಟ್ಟು ಬೇರೇನನ್ನೂ ಯೋಚಿಸಲಾರ.

ಉತ್ತರ ತಿಳಿದದ್ದು ನಿಧಾನವಾಗಿ. ದಯಾಮಿಯ ತಾಯಿ ನರ್ಸು, ದೂರದ ಯಾವುದೋ ದೇಶದ ಆಸ್ಪತ್ರೆಯಲ್ಲಿ ಒಪ್ಪಂದದ ಮೇಲೆ ದುಡಿಯುತ್ತಿದ್ದಳು. ಮನೆಯಲ್ಲಿ ದಯಾಮಿ, ಒಂದು ಹಳೆಯ ಲ್ಯಾಪ್‌ಟಾಪು, ಮತ್ತು ಎದುರು ಗೋಡೆಯ ಕಡೆ ಮುಖ ಮಾಡಿ ಗುರುಗುಟ್ಟುವ ಫ್ರಿಜ್ಜು. ಅವಳು ಮತ್ತು ಅವಳ ಇಬ್ಬರು ಗೆಳೆಯರು, ರೊಯ್ಲಾನ್ ಮತ್ತು ಮೈದೆಲಿನ್, ಸೇರಿ ಒಂದು ಹ್ಯಾಕಥಾನಿಗೆ ಹೆಸರು ಕೊಟ್ಟಿದ್ದರು. ಎರಡು ದಿನ ಒಂದೇ ಸೂರಿನಡಿ ಕೂತು, ಒಂದು ಆ್ಯಪ್ ಕಟ್ಟಿ, ವೇದಿಕೆಯ ಮೇಲೆ ತೋರಿಸುವ ಸ್ಪರ್ಧೆ. ಅವರ ಆ್ಯಪಿನ ಹೆಸರು 'ಕೊನೆಯವರು'. ಊರಿನ ಸಾಲುಗಳನ್ನೆಲ್ಲ ಫೋನಿಗೆ ತರುವುದು ಉದ್ದೇಶ. ಹೆಸರು ಕೊಟ್ಟ ಮೇಲೆ ರೊಯ್ಲಾನ್ ರಾಜಧಾನಿಯ ಬಸ್ಸು ಹಿಡಿದು, ಅಲ್ಲಿಂದ ವಿಮಾನದಲ್ಲಿ ಬ್ರೆಜಿಲಿಗೆ ಹೋದ. ಅವನನ್ನು ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಬಂದಿದ್ದ ಮೈದೆಲಿನ್, ಕೆಲವು ವಾರಗಳಲ್ಲಿ ಅದೇ ನಿಲ್ದಾಣದಿಂದ ಬ್ರೆಜಿಲಿನ ಆಚೆಯ ಮಾಂಟೆವಿಡಿಯೊದ ದಾರಿ ಹಿಡಿದಳು. ಎರಡು ಸಲವೂ ಕೈ ಬೀಸಿದವಳು ದಯಾಮಿ.

"ಕೋಡ್ ಬರೆಯೋನು ರೊಯ್ಲಾನ್ ಅಲ್ವಾ? ಅವನಿಲ್ಲದೆ ಹೇಗೆ ಕಟ್ತೀಯ?" ಎಂದು ಮೇಷ್ಟ್ರು ಒಂದು ಸಂಜೆ ಬೇಲಿಯಾಚೆಯಿಂದ ಕೇಳಿದರು.

"ಇದು ಲೋ-ಕೋಡ್ ಮೇಷ್ಟ್ರೇ. ಬರೆಯೋದು ಕಮ್ಮಿ, ಜೋಡಿಸೋದು ಜಾಸ್ತಿ. ಬೇರೆಯವರು ಮಾಡಿಟ್ಟ ತುಂಡುಗಳನ್ನ ಎಳ್ಕೊಂಡು ಬಂದು ಒಂದಕ್ಕೊಂದು ಸಿಕ್ಕಿಸಬೇಕು."

ಇದು ಮೇಷ್ಟ್ರಿಗೆ ಥಟ್ಟನೆ ಅರ್ಥವಾಯಿತು. ಅವರ ಮನೆಯ ಫ್ಯಾನು ತಿರುಗುತ್ತಿದ್ದದ್ದೇ ಸತ್ತುಹೋದ ರಷ್ಯನ್ ವಾಷಿಂಗ್ ಮಷೀನಿನ ಮೋಟಾರಿನಿಂದ. ಅದರ ರೆಕ್ಕೆ ಯಾವುದೋ ಟೆಲಿಫೋನಿನ ಪ್ಲಾಸ್ಟಿಕ್ಕು. "ಹಾಗಾದ್ರೆ ನಾವೆಲ್ಲ ಹುಟ್ಟಿದಾಗಿನಿಂದ ಲೋ-ಕೋಡೇ," ಎಂದರು.

ದಯಾಮಿ ನಗಲಿಲ್ಲ. ಅವಳು ನಗುವ ಪೈಕಿಯವಳಲ್ಲ. "ಆದ್ರೆ ತುಂಡುಗಳು ಮಾತಾಡಲ್ಲ," ಎಂದಳು.

ಶನಿವಾರ ರೇಷನ್ ಅಂಗಡಿಗೆ ಕೋಳಿ ಬಂತು. ಅಂಗಡಿಯವನನ್ನು ಒಪ್ಪಿಸಿ ದಯಾಮಿ ಆ್ಯಪನ್ನು ಪರೀಕ್ಷೆಗೆ ಇಟ್ಟಳು. ಬಂದವರು ಫೋನು ಒತ್ತಿದರು, ನಂಬರು ಪಡೆದರು, ಸರದಿ ಬಂದಾಗ ಫೋನೇ ಕರೆಯುತ್ತದೆ ಎಂದು ತಿಳಿದು ಮನೆಗೆ ಹೋದರು. ಎಲ್ಲ ಸಲೀಸು. ತಳ್ಳಾಟವಿಲ್ಲ, "ನೀನೆಲ್ಲಿದ್ದೆ, ನಾನು ನೋಡಲೇ ಇಲ್ಲ" ಎಂಬ ಜಗಳವಿಲ್ಲ.

ಮೇಷ್ಟ್ರ ಫೋನಿನಲ್ಲಿ ಚಾರ್ಜು ಇರಲಿಲ್ಲ. ಅವರು ಹಳೆಯ ಅಭ್ಯಾಸದಂತೆ ಬಂದು ನೋಡಿದರೆ ಅಂಗಡಿಯ ಮೂಲೆ ಖಾಲಿ. ಮರದ ಕೆಳಗೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಕೋಳಿ ಬಂದ ದಿನ ಆ ಮೂಲೆಯನ್ನು ಹಾಗೆ ಅವರು ಕಂಡೇ ಇರಲಿಲ್ಲ. ಊರಿಗೆ ಊರೇ ಬಸ್ಸು ಹತ್ತಿದಂತಿತ್ತು. ಪಾದಚಾರಿ ಕಟ್ಟೆಯ ಮೇಲೆ ದಯಾಮಿ ಮಾತ್ರ ಕೂತಿದ್ದಳು, ಚೆನ್ನಾಗಿ ಕೆಲಸ ಮಾಡುತ್ತಿದ್ದ ತನ್ನ ಆ್ಯಪನ್ನು ನೋಡುತ್ತ.

ಏನು ಮಾಡುವುದೆಂದು ತೋಚದೆ ಮೇಷ್ಟ್ರು ಖಾಲಿ ಬೀದಿಗೆ ಕೂಗಿದರು: "ಕೊನೇಲಿ ಯಾರಿದ್ದೀರಿ?"

ದಯಾಮಿ ಕೈಯೆತ್ತಿದಳು. "ನಾನು."

ಮೇಷ್ಟ್ರು ಅವಳ ಪಕ್ಕದಲ್ಲಿ ಕೂತರು. ಅವಳ ಜಾಗದ ಹಿಂದೆ ಅವರ ಜಾಗ. ಮೊಟ್ಟೆ ಬೇಡದವಳು ದಿನವೂ ಸಾಲಿಗೆ ಯಾಕೆ ಬರುತ್ತಿದ್ದಳು ಎಂದು ಅವರು ಈಗ ಕೇಳಬೇಕಾಗಿರಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ, ಗ್ಯಾಸಿನ ಸಾಲಿನಲ್ಲಿ, ಯಾರಾದರೊಬ್ಬರು ಬಂದು ನಿಮ್ಮನ್ನು ಕೇಳುತ್ತಾರೆ, ನಿಮ್ಮ ಮುಖ ನೆನಪಿಟ್ಟುಕೊಳ್ಳುತ್ತಾರೆ, ನೀವು ಎದ್ದು ಹೋದರೆ ಎಲ್ಲಿಗೆ ಎಂದು ವಿಚಾರಿಸುತ್ತಾರೆ. ಮೇಷ್ಟ್ರೂ ಒಂಟಿ ಮನುಷ್ಯ. ಬೇಕಾದ್ದಕ್ಕಿಂತ ಹೆಚ್ಚು ಬ್ರೆಡ್ಡು ಅವರ ಮನೆಯಲ್ಲೂ ಒಣಗುತ್ತಿತ್ತು.

ಅಷ್ಟರಲ್ಲಿ ಸೊರೈದಾ ಬಂದಳು, ಹಲ್ಲು ಕಿತ್ತ ಕೆನ್ನೆ ಇನ್ನೂ ಊದಿತ್ತು. "ಏನಿದು, ಯಾರಾದ್ರೂ ತೀರಿಕೊಂಡ್ರಾ? ನನ್ನ ಫೋನು ನಂಬರು ಕೊಟ್ಟಿದೆ, ಸರಿ. ನನ್ನ ಮುಂದೆ ಯಾರು, ಅವರ ಸೊಸೆ ಮನೆ ಬಿಟ್ಟಳೋ ಇಲ್ವೋ, ಇದನ್ನೆಲ್ಲ ಯಾರು ಹೇಳ್ತಾರೆ? ಫೋನು ಹೇಳುತ್ತಾ?" ಮೇಷ್ಟ್ರನ್ನು ನೋಡಿ ಹುಬ್ಬೇರಿಸಿದಳು. "ಓಹೋ, ನೀವೂ ಇದೀರಾ. ಇವತ್ತು ಯಾವ ಬಣ್ಣದ ಹಿಂದೆ?"

ಮರುದಿನದಿಂದ ದಯಾಮಿ ತನ್ನ ಆ್ಯಪನ್ನು ಕಳಚತೊಡಗಿದಳು. ನಂಬರು ತೆಗೆದಳು. ಕರೆಯುವ ಗಂಟೆ ತೆಗೆದಳು. ಕೊನೆಗೆ ಉಳಿದದ್ದು ಎರಡೇ ಗುಂಡಿ. ಒಂದನ್ನು ಒತ್ತಿದರೆ ಸಾಲಿನ ಕೊನೆಯಲ್ಲಿರುವವರು ಎಲ್ಲಿ ಕೂತಿದ್ದಾರೆ ಎಂದಷ್ಟೇ ತೋರಿಸುತ್ತಿತ್ತು. ಎದ್ದು ಹೋಗಿ ಬಾಯಿಬಿಟ್ಟು ಕೇಳುವುದು ನಿಮ್ಮ ಕೆಲಸ. ಇನ್ನೊಂದರ ಮೇಲೆ 'ಹೋಗಿ ಬರ್ತೀನಿ' ಎಂದಿತ್ತು. ಅದನ್ನು ಒತ್ತಿ ಹೋದವರ ಹೆಸರು, ಹಿಂದಿನವರ ಫೋನಿನಲ್ಲಿ, ಅವರು ಬರುವ ತನಕ ಅಳಿಯದೆ ನಿಲ್ಲುತ್ತಿತ್ತು.

"ಅಲ್ಲ ಮಗಳೇ, ಇದನ್ನೇ ತಾನೇ ನಾವು ಬಾಯಲ್ಲಿ ಮಾಡೋದು?" ಎಂದರು ಮೇಷ್ಟ್ರು.

"ಹೌದು."

ಸ್ಪರ್ಧೆಯ ಹಿಂದಿನ ವಾರ ಸಂಘಟಕರು ಫೋನು ಮಾಡಿದರು. ತಂಡದ ಮೂವರೂ ವೇದಿಕೆಯಲ್ಲಿ ಇರಲೇಬೇಕು. ಇಬ್ಬರು ದೇಶದಲ್ಲೇ ಇಲ್ಲ ಎಂದಾದರೆ ಅವರ ಹೆಸರು ಹೊಡೆದು ಹಾಕಿ ಒಂಟಿ ಸ್ಪರ್ಧಿಗಳ ವಿಭಾಗಕ್ಕೆ ಬರಲಿ, ಇಲ್ಲದಿದ್ದರೆ ಹೊರಗೆ. ಒಂದು ಗೆರೆ ಎಳೆದರೆ ಮುಗಿಯುವ ಕೆಲಸ. ದಯಾಮಿ ಎಳೆಯಲಿಲ್ಲ.

ಆ ಸಂಜೆ ಮೇಷ್ಟ್ರು ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೈದೆಲಿನಳ ಧ್ವನಿ ಸಂದೇಶ ಬಂತು. ದಯಾಮಿ ಕೈ ಒದ್ದೆ ಎಂದು ಮೊಣಕೈಯಿಂದ ಫೋನು ಒತ್ತಿದಳು. "ದಯಾ, ನಮ್ಮಿಬ್ಬರ ಹೆಸರು ತೆಗೆದುಬಿಡು ಕಣೇ. ರೊಯ್ಲಾನ್‌ಗೂ ಕೇಳಿದೆ, ಅವನೂ ಅದೇ ಅಂದ. ನಾವು ಬರಲ್ಲ. ನಮಗೋಸ್ಕರ ನೀನು ಯಾಕೆ ಕೆಡಿಸ್ಕೊಳ್ತೀಯ? ನೀನು ಗೆಲ್ಲು." ಹಿಂದೆ ಬಸ್ಸುಗಳ ಸದ್ದು, ಬೇರೆ ಊರಿನ ಜನರ ಸದ್ದು.

ದಯಾಮಿ ತಟ್ಟೆ ಒರೆಸಿ ಇಟ್ಟಳು. "ಅಲ್ಲಿಯ ಲೈನ್ ಸರಿ ಇಲ್ಲ. ಏನಂದ್ಲೋ ಕೇಳಿಸಲೇ ಇಲ್ಲ," ಎಂದಳು.

ಮೇಷ್ಟ್ರಿಗೆ ಪ್ರತಿ ಅಕ್ಷರವೂ ಕೇಳಿಸಿತ್ತು. "ಹೌದು, ನನಗೂ ಕೇಳಿಸಲಿಲ್ಲ," ಎಂದರು. ಕಾಫಿ ತಣ್ಣಗಾಗಿತ್ತು.

ಬಾಗಿಲ ತನಕ ಬಂದು ಅವಳು ಕೇಳಿದಳು, "ಮೇಷ್ಟ್ರೇ, ನೀವು ರೊಯ್ಲಾನ್ ಜಾಗ ಹಿಡ್ಕೊಂಡು ನಿಲ್ತೀರಾ? ಅವನು ಬರೋ ತನಕ?"

ಈ ಊರಿನಲ್ಲಿ ಈ ಪ್ರಶ್ನೆಗೆ ಇಲ್ಲ ಎಂದವರು ಯಾರೂ ಇಲ್ಲ. ಮೇಷ್ಟ್ರು ತಲೆಯಾಡಿಸಿದರು. ಮೈದೆಲಿನಳ ಜಾಗಕ್ಕೆ ಸೊರೈದಾ ಸಿಕ್ಕಳು. "ಎಷ್ಟು ಹೊತ್ತು ನಿಲ್ಲಬೇಕು? ತಿನ್ನೋಕೆ ಏನಾದ್ರೂ ಕೊಡ್ತಾರಾ?" ಎಂದಷ್ಟೇ ಅವಳು ವಿಚಾರಿಸಿದ್ದು. ಆಮೇಲೆ ಮೇಷ್ಟ್ರ ಕಿವಿಯಲ್ಲಿ, "ಪಾಪದ ಹುಡುಗಿ. ಈ ಊರಲ್ಲಿ ಇರೋದೇ ಒಂದು ಸಾಲು, ವಿಮಾನದ ಸಾಲು. ಅದರಲ್ಲಿ ಮುಂದೆ ಹೋದೋರು ಯಾರಾದ್ರೂ ತಿರುಗಿ ಬರ್ತಾರಾ?" ಎಂದಳು.

ಸಭಾಂಗಣದ ತುಂಬ ಹುಡುಗ ಹುಡುಗಿಯರು, ತಂಡಕ್ಕೊಂದು ಮೇಜು, ಮೇಜಿನ ಮೇಲೆ ತಲೆಗೆ ತಲೆ ತಾಗಿಸಿ ಪಿಸುಮಾತು. ದಯಾಮಿ ಎರಡು ದಿನವೂ ತನ್ನ ಮೇಜಿನ ತುದಿಯಲ್ಲಿ ಕೂತಳು, ಪಕ್ಕದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಚೀಲ, ಇನ್ನೊಂದರ ಮೇಲೆ ನೀರಿನ ಬಾಟಲಿ ಇಟ್ಟು. ಕುರ್ಚಿ ಸಾಲದವರು ಬಂದು ಕೇಳಿದಾಗಲೆಲ್ಲ "ಜನ ಇದಾರೆ" ಎಂದಳು.

ಎರಡನೆಯ ದಿನ ಮಧ್ಯಾಹ್ನ ಅವಳ ತಂಡವನ್ನು ಕರೆದರು. ಮೇಷ್ಟ್ರು ಮದುವೆಗೆ ಹೊಲಿಸಿದ್ದ, ಮದುವೆಗಿಂತ ಹೆಚ್ಚು ಬಾಳಿದ್ದ ಕೋಟು ತೊಟ್ಟಿದ್ದರು; ಎದೆಯ ಮೇಲೆ 'ರೊಯ್ಲಾನ್' ಎಂಬ ಬಿಲ್ಲೆ. ಸೊರೈದಾ ಅದೇ ಹಳದಿ ಅಂಗಿಯಲ್ಲಿ 'ಮೈದೆಲಿನ್' ಆಗಿ ಬಂದಿದ್ದಳು. ಮುಂದಿನ ಸಾಲಿನ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ದಿನವೂ ಹೋಗುವ ಕರೆಂಟು ಅಂದು ಹೋಗಲೂ ಇಲ್ಲ. ಹೋಗಿದ್ದರೆ ಮೇಷ್ಟ್ರು ಕತ್ತಲಲ್ಲಿ ಮೆಲ್ಲನೆ ಇಳಿದುಬಿಡುತ್ತಿದ್ದರು.

ದಯಾಮಿ ಎರಡು ಗುಂಡಿ ತೋರಿಸಿದಳು. ಹೇಳುವುದು ಬೇಗ ಮುಗಿಯಿತು. ಹವಾನಾದಿಂದ ಬಂದಿದ್ದ ತೀರ್ಪುಗಾರ್ತಿ ಕನ್ನಡಕ ಮೇಲೇರಿಸಿದಳು. ಕೆಟ್ಟ ಹೆಂಗಸಲ್ಲ, ದಣಿದಿದ್ದಳು.

"ಇದಿಲ್ಲದೇನೂ ಜನ ಹೀಗೇ ಮಾಡ್ತಾರಲ್ಲಮ್ಮ?"

"ಮಾಡ್ತಾರೆ."

"ಮತ್ತೆ ಇದರಿಂದ ಏನು ಪ್ರಯೋಜನ?"

"ಹೋದವರ ಜಾಗ ಹೋಗಲ್ಲ."

ತೀರ್ಪುಗಾರ್ತಿ ಮೇಷ್ಟ್ರ ಬಿಲ್ಲೆ ಓದಿದಳು, ಮೇಷ್ಟ್ರ ಬೋಳುತಲೆ ನೋಡಿದಳು, ಮತ್ತೆ ಬಿಲ್ಲೆ ಓದಿದಳು. "ನೀವು ರೊಯ್ಲಾನ್?"

ಮೇಷ್ಟ್ರು ಕೋಟು ಸರಿಪಡಿಸಿಕೊಂಡರು. "ನಾನು ಅವನ ಜಾಗ ಹಿಡಿದಿದೀನಿ."

"ನಾನು ಈ ಹುಡುಗಿದು," ಎಂದಳು ಸೊರೈದಾ, ತನ್ನ ಬಿಲ್ಲೆ ತಟ್ಟಿ. "ಹೇಳಿ ಹೋಗಿದಾರೆ. ಸುಮ್ನೆ ಹೋದೋರಲ್ಲ."

ನಗುತ್ತಿದ್ದ ಹುಡುಗರು ನಗು ನಿಲ್ಲಿಸಿದರು. ಆ ಸಭಾಂಗಣದಲ್ಲಿ ಯಾರದಾದರೂ ಒಂದು ಜಾಗ ಹಿಡಿದಿರದವರು ಇರಲಿಲ್ಲ. ತೀರ್ಪುಗಾರ್ತಿ ಪೆನ್ನು ಕೆಳಗಿಟ್ಟಳು.

"ನೋಡು ಮಗಳೇ, ನಿಯಮ ನನ್ನದಲ್ಲ. ಈಗಲೂ ತಡವಾಗಿಲ್ಲ. ಎರಡು ಹೆಸರು ಹೊಡೆದು ಹಾಕು, ಒಂಟಿ ವಿಭಾಗದಲ್ಲಿ ನಿನ್ನ ಆ್ಯಪ್ ತಗೋತೀನಿ. ಇಲ್ಲ ಅಂದ್ರೆ ನೀನು ಕೆಳಗಿಳಿಬೇಕಾಗುತ್ತೆ."

"ಇಳೀತೀನಿ," ಎಂದಳು ದಯಾಮಿ, ಲ್ಯಾಪ್‌ಟಾಪಿನ ತಂತಿ ಸುತ್ತುತ್ತ. "ಅವರು ಸಾಲಲ್ಲಿ ನನ್ನ ಮುಂದಿದ್ದಾರೆ. ಬರ್ತೀವಿ ಅಂತ ಹೇಳಿ ಹೋಗಿದ್ದಾರೆ."

"ಅವರು ಬರಲೇ ಇಲ್ಲ ಅಂದ್ರೆ?"

ದಯಾಮಿ ತಂತಿಯನ್ನು ಚೀಲಕ್ಕೆ ಹಾಕಿದಳು.

"ಆಗ ನನ್ನ ಸರದಿ ಬೇಗ ಬರುತ್ತೆ."