ಮೆಸ್ಸಿನ ಗೋಡೆಯ ಉಗ್ಗಪ್ಪ

ಸೌದಿಯ ಜುಬೈಲಿನ ಕಾರ್ಮಿಕರ ಕ್ಯಾಂಪಿನಲ್ಲಿ ಪೇಂಟರ್ ಉಗ್ಗಪ್ಪನ ಕಣ್ಣಿಗೆ ಬಿದ್ದವರು ಊಟ ಮುಗಿಸಿ ಏಳುವ ಮೊದಲು ತಮ್ಮ ಮನೆಯನ್ನು ಬಣ್ಣಿಸಲೇಬೇಕು. ಮೆಸ್ಸಿನ ಗೋಡೆಯ ಮೇಲೆ ಎಲ್ಲರ ಮನೆಯನ್ನೂ ಬಿಡಿಸುವ ಹಟ ಅವನದು. "ಬಾಗಿಲು ಎಂತ ಬಣ್ಣ ಮಾರಾಯ್ರೆ? ಬಾವಿ ಎಡಕ್ಕಾ, ಬಲಕ್ಕಾ?" ಎಂದು ಪೀಡಿಸುವನು, ತಡವರಿಸಿದರೆ, ಸ್ವಂತ ಮನೆ ಮರೆತವನಿಗೆ ಅನ್ನ ಹೇಗೆ ಇಳಿಯುತ್ತದೆ ಎಂದು ಗದರುವನು. ವೆಸ್ಟ್ ಇಂಡೀಸಿನ ಟ್ರಿನಿಡಾಡಿನಿಂದ ಬಂದ ಕ್ರೇನ್ ಚಾಲಕ ರಾಮದೀನ್ ಮಾತ್ರ, "ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಇಂಡಿಯಾದಿಂದ ಹಡಗು ಹತ್ತಿದ್ದರಂತೆ. ಯಾವ ಊರೋ, ನಮ್ಮ ಮೂಲ ಮನೆ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ" ಎಂದು ತಲೆ ತಗ್ಗಿಸಿದಾಗ ಉಗ್ಗಪ್ಪ ಗದರಲಿಲ್ಲ. ದೂರವಾಗುವ ಹಡಗನ್ನೂ ದಡದಲ್ಲಿ ಸೆರಗು ಕಚ್ಚಿ ನಿಂತ ಹೆಂಗಸನ್ನೂ ಬಿಡಿಸಿದ. "ಇವರು ಯಾರು?" ಎಂದ ರಾಮದೀನ್. "ನನ್ನಮ್ಮ. ನಾನು ಹೊರಡುವಾಗ ಹೀಗೇ ನಿಂತಿದ್ರು. ಕುವೈತ್ ಯುದ್ಧದ ಸಮಯ ತೀರಿಹೋದ್ರು, ನಂಗೆ ಹೋಗ್ಲಿಕ್ಕೇ ಆಗ್ಲಿಲ್ಲ. ನಿಮ್ಮ ಮುತ್ತಜ್ಜನಿಗೂ ಯಾರೋ ಒಬ್ರು ನಿಂತಿರ್ತಾರಲ್ಲ, ಇವರನ್ನೇ ಇಟ್ಕೊಳ್ಳಿ."